ಒಂದು ಬತ್ ಎಂದರೆ ಎಷ್ಟು ಲೀಟರ್?



ಕಳೆದ ಮಳೆಗಾಲದ ಒಂದು ಸಂಜೆ ಕಾಗಾಲದ ಒಂದು ಮನೆಗೆ ಹೋಗಿದ್ದೆ. ಆಗಷ್ಟೇ ಜಪಸರ ಮುಗಿದಿತ್ತು. ಜಪಸರದ ಬಳಿಕ ಮಕ್ಕಳಲ್ಲಿ ಒಬ್ಬರು ಬೈಬಲಿನ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವುದು ಆ ಮನೆಯ ರೂಢಿ. ಅಂದು ಸರದಿ ಏಳನೆಯ ತರಗತಿಯ ಹುಡುಗನದು. ಅವನು ಓದುತ್ತಿದ್ದದ್ದು ಅರಸುಗಳ ಮೊದಲನೆಯ ಗ್ರಂಥದ ಏಳನೆಯ ಅಧ್ಯಾಯ. ಸೊಲೊಮೋನನು ದೇವಾಲಯದ ಅಂಗಳಕ್ಕಾಗಿ ಕಂಚಿನ ದೊಡ್ಡ 'ಕಡಲು' ಎರಕ ಹೊಯ್ಯಿಸಿದ ಪ್ರಸಂಗ. ಅದು ಎರಡು ಸಾವಿರ ಬತ್ ನೀರು ಹಿಡಿಯುತ್ತಿತ್ತು ಎಂಬ ಮಾತಿಗೆ ಬಂದೊಡನೆ ಓದುವುದನ್ನು ನಿಲ್ಲಿಸಿ, "ಫಾದರ್, ನೀರನ್ನು ಯಾರಾದರೂ ಭತ್ತದಲ್ಲಿ ಅಳೆಯುತ್ತಾರೆಯೆ?" ಎಂದು ಕೇಳಿದ. ಎಲ್ಲರೂ ನಕ್ಕರು. ಬತ್ ಎಂದರೆ ನಮ್ಮ ಭತ್ತವಲ್ಲ, ಅದು ಇಬ್ರಿಯರು ಎಣ್ಣೆ, ದ್ರಾಕ್ಷಾರಸ, ನೀರು ಅಳೆಯುತ್ತಿದ್ದ ಅಳತೆ ಎಂದು ಹೇಳಿದೆ. "ಹಾಗಾದರೆ ಎಷ್ಟು ಲೀಟರ್?" ಎಂಬ ಎರಡನೆಯ ಪ್ರಶ್ನೆ ತಕ್ಷಣ ಬಂತು.

ಇದಕ್ಕೆ ನಗುವಂತಿರಲಿಲ್ಲ. ಬೈಬಲಿನ ಕೊನೆಯ ಪುಟಗಳಲ್ಲಿದ್ದ ಕೋಷ್ಟಕ ನೋಡಿದೆವು. 22 ಲೀಟರ್ ಎಂದಿತ್ತು. ನನ್ನ ಚೀಲದಲ್ಲಿದ್ದ ಪುಸ್ತಕದಲ್ಲಿ ಅದು ಹತ್ತಿರ ಹತ್ತಿರ 40. ಹುಡುಗ ಎರಡನ್ನೂ ನೋಡಿ, "ದೇವರ ವಾಕ್ಯದಲ್ಲಿ ಎರಡು ಲೆಕ್ಕವೆ?" ಎಂದ. ಅವನ ತಾಯಿ, "ಸುಮ್ಮನೆ ಓದೋ, ಫಾದರ್‌ಗೆ ಹೊತ್ತಾಗುತ್ತದೆ" ಎಂದು ಗದರಿದರು. ತಾಯಂದಿರೇ, ದಯವಿಟ್ಟು ಹೀಗೆ ಗದರಬೇಡಿ. ಮಗು ಬೈಬಲನ್ನು ಗಮನವಿಟ್ಟು ಓದುತ್ತಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಹನ್ನೆರಡು ವರ್ಷದವನಿದ್ದಾಗ ಉತ್ತರ ಸಿಗದ ಪ್ರಶ್ನೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಪೂಜೆಗೆ ಬರದಿರುವುದಕ್ಕೆ ಕಾರಣವಾಗಿರುವುದನ್ನು ನಾನು ಕಂಡಿದ್ದೇನೆ.

ಅಷ್ಟರಲ್ಲಿ ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಎದ್ದು ಒಳಗೆ ಹೋಗಿ ಒಂದು ಹಳೆಯ ಸಿದ್ದೆಯನ್ನು ತಂದು ಮೊಮ್ಮಗನ ಮುಂದಿಟ್ಟರು. "ಮೊದಲು ಇದು ಎಷ್ಟು ಲೀಟರ್ ಹೇಳು" ಎಂದರು. ಹುಡುಗ ಒಂದು ಲೀಟರ್ ಬಾಟಲಿಯಲ್ಲಿ ನೀರು ತಂದು ಸುರಿದ. ಬಾಟಲಿಗೂ ಸಿದ್ದೆಗೂ ಲೆಕ್ಕ ಹೊಂದಲಿಲ್ಲ. ಅಜ್ಜಿ ಹೇಳಿದರು: "ಇದು ಈ ಮನೆಯ ಸಿದ್ದೆ. ಹೊನ್ನಾವರದ ಕಡೆ ನನ್ನ ತವರುಮನೆಯ ಸಿದ್ದೆಯೇ ಬೇರೆ. ಮದುವೆಯಾಗಿ ಬಂದ ಹೊಸದರಲ್ಲಿ ಅನ್ನಕ್ಕೆ ಅಕ್ಕಿ ಅಳೆದದ್ದು ದಿನವೂ ತಪ್ಪಿಹೋಗುತ್ತಿತ್ತು."

ನನ್ನ ಸೆಮಿನರಿಯ ಪುಸ್ತಕಗಳಲ್ಲಿ ಇಷ್ಟು ಸರಳವಾದ ವಿವರಣೆ ನನಗೆ ಸಿಕ್ಕಿರಲಿಲ್ಲ. ಅಳತೆಯ ಹೆಸರು ಒಂದೇ ಆದರೂ ಊರು ಬದಲಾದಂತೆ, ಕಾಲ ಬದಲಾದಂತೆ ಪಾತ್ರೆ ಬದಲಾಗುತ್ತದೆ. ನಮ್ಮ ಕರಾವಳಿಯನ್ನೇ ನೋಡಿ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಬೊಂಬಾಯಿ ಆಡಳಿತಕ್ಕೆ ಸೇರಿತು. ಮಂಗಳೂರಿನ ಕಡೆ ಮದ್ರಾಸಿನಲ್ಲೇ ಉಳಿಯಿತು. ಘಟ್ಟದ ಮೇಲೆ ಮೈಸೂರು. ಸೇರು ಎಂಬ ಹೆಸರು ಎಲ್ಲೆಡೆ ಇತ್ತು, ಸೇರು ಮಾತ್ರ ಎಲ್ಲೆಡೆ ಒಂದೇ ಆಗಿರಲಿಲ್ಲ. ತೂಕದ ಸೇರು ಬೇರೆ, ಅಳತೆಯ ಸೇರು ಬೇರೆ. 80 ತೊಲದ ಸೇರು ಸುಮಾರು 933 ಗ್ರಾಂ. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಶಾಸನಗಳಲ್ಲಿ ದೇಗುಲದ ದೀಪಕ್ಕೆ ಬಿಟ್ಟ ಎಣ್ಣೆಯ ಲೆಕ್ಕ ಸೊಲ್ಲಗೆ, ಮಾನಗಳಲ್ಲಿ ಬರುತ್ತದೆ. 1956ರಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದು, 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಜಾರಿಯಾಗಿ, ಕಿಲೋ ಲೀಟರುಗಳು ನಮ್ಮ ಅಂಗಡಿಗಳಿಗೆ ಬಂದವು. ಆದರೂ ಅಜ್ಜಿಯರ ಕೈಗೆ ಸಿದ್ದೆಯೇ ಹಿಡಿದ ಅಳತೆ.

ಇಬ್ರಿಯರಲ್ಲಿಯೂ ಹೀಗೆಯೇ ಆಗಿತ್ತು. ಅವರ ಕೋಷ್ಟಕದ ಒಳಗಿನ ಲೆಕ್ಕ ಖಚಿತ: 12 ಲೋಗ್ ಸೇರಿದರೆ ಒಂದು ಹಿನ್, 6 ಹಿನ್ ಸೇರಿದರೆ ಒಂದು ಬತ್, 10 ಬತ್ ಸೇರಿದರೆ ಒಂದು ಕೋರ್. ದ್ರವಕ್ಕೆ ಬತ್ ಹೇಗೋ ಧಾನ್ಯಕ್ಕೆ ಏಫಾ ಹಾಗೆ. ಎರಡೂ ಸಮ ಇರಬೇಕೆಂದು ಪ್ರವಾದಿ ಯೆಜೆಕಿಯೇಲನ ಗ್ರಂಥದ 45ನೆಯ ಅಧ್ಯಾಯ ಹೇಳುತ್ತದೆ. ತೊಂದರೆ ಬರುವುದು ಇದನ್ನು ಲೀಟರಿಗೆ ಇಳಿಸುವಾಗ. ಪ್ರಭು ಯೇಸುವಿನ ನಂತರದ ತಲೆಮಾರಿನ ಯೆಹೂದಿ ಇತಿಹಾಸಕಾರ ಯೋಸೇಫುಸ್, ಒಂದು ಬತ್ ಎಂದರೆ ರೋಮನರ 72 ಸೆಕ್ಸ್ತಾರಿಯುಸ್ ಎಂದು ಬರೆದಿದ್ದಾನೆ. ಒಂದು ಸೆಕ್ಸ್ತಾರಿಯುಸ್ ಅರ್ಧ ಲೀಟರಿಗಿಂತ ತುಸು ಹೆಚ್ಚು, 0.54 ಲೀಟರ್. ಗುಣಿಸಿದರೆ ಬತ್ ಸುಮಾರು 39 ಲೀಟರ್ ಆಗುತ್ತದೆ. ಇದು ರೋಮನರ ಕಾಲದ ಲೆಕ್ಕ. ಇಪ್ಪತ್ತನೆಯ ಶತಮಾನದಲ್ಲಿ ಯೂದಾ ನಾಡಿನ ತೆಲ್ ಬೇತ್ ಮಿರ್ಸಿಮ್ ಎಂಬ ದಿಬ್ಬವನ್ನು ವಿದ್ವಾಂಸ ಆಲ್‌ಬ್ರೈಟ್ ಅಗೆಸಿದಾಗ ಅರಸರ ಕಾಲದ, 'ಬತ್' ಎಂದು ಬರೆದಿದ್ದ ಮಣ್ಣಿನ ಪಾತ್ರೆಯ ಚೂರು ಸಿಕ್ಕಿತು. ಲಾಕೀಷಿನಲ್ಲಿ 'ಅರಸನ ಬತ್' ಎಂಬ ಬರಹವಿದ್ದ ಇನ್ನೊಂದು ಚೂರು. ಇಡೀ ಪಾತ್ರೆ ಸಿಗಲಿಲ್ಲ. ಚೂರಿನ ಬಾಗನ್ನು ನೋಡಿ ಪಾತ್ರೆಯ ಗಾತ್ರವನ್ನು ಊಹಿಸಿದಾಗ ಸುಮಾರು 22 ಲೀಟರ್ ಬಂತು. ಹೀಗೆ ಒಂದು ಕೋಷ್ಟಕದಲ್ಲಿ 22, ಇನ್ನೊಂದರಲ್ಲಿ 39. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ತವರುಮನೆಯ ಸಿದ್ದೆ ಹಿಡಿದಿದ್ದಾರೆ, ಇನ್ನೊಬ್ಬರು ಗಂಡನ ಮನೆಯ ಸಿದ್ದೆ.

ಸೊಲೊಮೋನನ ಕಡಲನ್ನು ಹುಡುಗನೂ ನಾನೂ ಅಂದೇ ಲೆಕ್ಕ ಹಾಕಿದೆವು. ಬಾಯಿಯ ಅಗಲ 10 ಮೊಳ, ಎತ್ತರ 5 ಮೊಳ ಎಂದು ಅದೇ ಅಧ್ಯಾಯದಲ್ಲಿದೆ. ಮೊಳ ಎಷ್ಟು? ಜೆರುಸಲೇಮಿನಲ್ಲಿ ಅರಸ ಹಿಜ್ಕೀಯನ ಕಾಲದ ನೀರಿನ ಸುರಂಗವಿದೆ. ಅದರ ಗೋಡೆಯ ಶಾಸನ ಸುರಂಗದ ಉದ್ದ 1,200 ಮೊಳ ಎನ್ನುತ್ತದೆ. ಇಂದಿನ ಅಳತೆಯಲ್ಲಿ ಅದು ಸುಮಾರು 533 ಮೀಟರ್. ಅಂದರೆ ಮೊಳ 44 ಸೆಂಟಿಮೀಟರ್ ಚಿಲ್ಲರೆ. ಇದನ್ನು ಹಿಡಿದು, ಕಡಲು ಡ್ರಮ್ಮಿನಂತೆ ನೇರ ಗೋಡೆಯದೆಂದುಕೊಂಡರೆ ಸುಮಾರು 34,000 ಲೀಟರ್ ಹಿಡಿಯುತ್ತದೆ. ಯೆಜೆಕಿಯೇಲನು ಹೇಳುವ ಉದ್ದ ಮೊಳವನ್ನು 52 ಸೆಂಟಿಮೀಟರ್ ಎಂದು ಹಿಡಿದರೆ 55,000 ಲೀಟರ್. 2,000 ಬತ್ತಿನಿಂದ ಭಾಗಿಸಿದರೆ ಒಂದು ಬತ್ತಿಗೆ 17ರಿಂದ 28 ಲೀಟರ್. 22 ಇದರ ನಡುವೆ ಸಲೀಸಾಗಿ ಕುಳಿತುಕೊಳ್ಳುತ್ತದೆ, 39 ಕೂರುವುದಿಲ್ಲ. ಹುಡುಗನಿಗೆ ಭಾರಿ ಸಂತೋಷವಾಯಿತು. ನಾನಾದರೋ ಮುಂದಿನದನ್ನು ಮುಚ್ಚಿಡಲಿಲ್ಲ. ಪೂರ್ವಕಾಲದ ವೃತ್ತಾಂತಗಳ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯ ಅದೇ ಕಡಲಿಗೆ ಅದೇ ಮೊಳಗಳನ್ನು ಹೇಳಿ, ನೀರು ಮಾತ್ರ 3,000 ಬತ್ ಎನ್ನುತ್ತದೆ. ನಕಲು ಮಾಡುವಾಗ ಅಂಕಿ ತಪ್ಪಿತು ಎನ್ನುವವರಿದ್ದಾರೆ, ಒಂದು ದಿನನಿತ್ಯ ತುಂಬುತ್ತಿದ್ದ ನೀರು, ಇನ್ನೊಂದು ಅಂಚಿನವರೆಗಿನದು ಎನ್ನುವವರೂ ಇದ್ದಾರೆ. 1965ರಲ್ಲಿ ಎರಡನೆಯ ವತಿಕಾನ್ ಮಹಾಸಭೆ ದೈವಪ್ರಕಟಣೆಯ ಬಗ್ಗೆ ಹೊರಡಿಸಿದ 'ದೇಯಿ ವೆರ್ಬುಂ' ನಮಗೆ ಕಲಿಸುವುದೇನೆಂದರೆ, ನಮ್ಮ ರಕ್ಷಣೆಗಾಗಿ ದೇವರು ತಿಳಿಸಬಯಸಿದ ಸತ್ಯವನ್ನು ಪವಿತ್ರ ಗ್ರಂಥ ತಪ್ಪಿಲ್ಲದೆ ಕಲಿಸುತ್ತದೆ. ಕಂಚಿನ ತೊಟ್ಟಿಯಲ್ಲಿ ಎಷ್ಟು ನೀರಿತ್ತು ಎಂಬುದರ ಮೇಲೆ ನಮ್ಮ ರಕ್ಷಣೆ ನಿಂತಿಲ್ಲ. ಹುಡುಗ ಇದನ್ನು ಒಪ್ಪಿದನೋ ಇಲ್ಲವೋ ತಿಳಿಯದು. ತಲೆ ಕೆರೆದುಕೊಂಡ.

ಹಾಗಾದರೆ ಈ ಲೆಕ್ಕವೆಲ್ಲ ವ್ಯರ್ಥವೆ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಕಾನಾ ಊರಿನ ಮದುವೆಯನ್ನು ನೆನೆಯಿರಿ. ಎಷ್ಟೋ ಮದುವೆ ಪೂಜೆಗಳಲ್ಲಿ ಆ ಶುಭಸಂದೇಶವನ್ನು ಕೇಳಿದ್ದೀರಿ. ಆರು ಕಲ್ಲಿನ ಬಾನೆಗಳು, ಒಂದೊಂದಕ್ಕೆ ಎರಡು ಮೂರು 'ಮೆತ್ರೇತ' ನೀರು ಎಂದು ಸಂತ ಯೊವಾನ್ನರ ಗ್ರೀಕ್ ಮೂಲದಲ್ಲಿದೆ (ಯೊವಾನ್ನ 2:6). ಮೆತ್ರೇತ ಎಂದರೆ ಸುಮಾರು 39 ಲೀಟರ್, ಯೋಸೇಫುಸನ ಬತ್ತಿನಷ್ಟೇ. ಒಂದು ಬಾನೆಗೆ 78ರಿಂದ 117 ಲೀಟರ್. ಆರಕ್ಕೆ 468ರಿಂದ 702. ನಾವು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತೇವೆ: ಅಬ್ಬಾ, ಅಷ್ಟು ದ್ರಾಕ್ಷಾರಸವೆ! ದೇವರ ಕೊಡುಗೆ ಎಷ್ಟು ಧಾರಾಳ! ನಾನೂ ಹೀಗೆಯೇ ಪ್ರಸಂಗ ಮಾಡುತ್ತಿದ್ದೆ.

ಅಜ್ಜಿ ಮಾತ್ರ ಬೇರೆ ಕಡೆ ನೋಡಿದರು. "ನೀರು ಹೊತ್ತವರು ಯಾರು?" ಎಂದು ಕೇಳಿದರು.

ಪ್ರಿಯರೇ, ಬೇಸಿಗೆಯಲ್ಲಿ ಹೊಳೆಯ ಉಪ್ಪು ಬಾವಿಗೆ ಏರಿ, ಕುಡಿಯುವ ನೀರಿಗೆ ದೂರದ ಬಾವಿಗೆ ಹೋಗಿ ಬಂದವರು ಮಾತ್ರ ಕೇಳಬಲ್ಲ ಪ್ರಶ್ನೆ ಇದು. ಒಂದು ಕೊಡಕ್ಕೆ 12 ಲೀಟರ್ ಎಂದು ಹಿಡಿಯಿರಿ. ಆ ಬಾನೆಗಳಿಗೆ 39ರಿಂದ 58 ಕೊಡ ನೀರು ಬೇಕು. ಬಾನೆಗಳಲ್ಲಿ ಅಷ್ಟಿಷ್ಟು ನೀರು ಮೊದಲೇ ಇದ್ದಿರಲೂಬಹುದು. ಅತಿಥಿಗಳ ಕೈಕಾಲು ಶುದ್ಧಿಗೆ ಬಳಸಿ ಉಳಿದದ್ದು. ಅರ್ಧ ಇತ್ತೆಂದರೂ ಇಪ್ಪತ್ತು ಮೂವತ್ತು ಕೊಡ. ಮದುವೆಯ ಗದ್ದಲ, ಅಡುಗೆಮನೆಯ ಕೂಗಾಟ, ಅದರ ನಡುವೆ ಊರಿಗೆ ಹೊಸಬನಾದ ಒಬ್ಬ ಅತಿಥಿ ಬಾನೆಗಳಿಗೆ ನೀರು ತುಂಬಿಸಿ ಎನ್ನುತ್ತಾನೆ. ದ್ರಾಕ್ಷಾರಸ ಮುಗಿದಿರುವಾಗ ಕಾಲು ತೊಳೆಯುವ ನೀರೇಕೆ ಎಂದು ಯಾರಿಗಾದರೂ ಅನ್ನಿಸಿಯೇ ಅನ್ನಿಸುತ್ತದೆ. ಅವರು ತುಂಬಿಸಿದರು, ಕಂಠದವರೆಗೆ ತುಂಬಿಸಿದರು ಎಂದು ಸಂತ ಯೊವಾನ್ನರು ಬರೆಯುತ್ತಾರೆ. ಅರ್ಧ ತುಂಬಿ ಸಾಕೆಂದು ಬಿಟ್ಟಿದ್ದರೆ ಮದುವೆಗೆ ಅರ್ಧ ದ್ರಾಕ್ಷಾರಸ. ಔತಣದ ಮೇಲ್ವಿಚಾರಕನಿಗೆ ಅದು ಎಲ್ಲಿಂದ ಬಂತೆಂದು ತಿಳಿಯಲಿಲ್ಲ, ನೀರು ತಂದ ಸೇವಕರಿಗೆ ಮಾತ್ರ ತಿಳಿದಿತ್ತು ಎಂಬ ಮಾತನ್ನು ಶುಭಸಂದೇಶಕಾರರು ಬೇಕೆಂದೇ ಸೇರಿಸಿದ್ದಾರೆ. ಪ್ರಭುವಿನ ಮೊದಲ ಸೂಚಕಕಾರ್ಯವನ್ನು ಮೊದಲು ಅರಿತವರು ವರನಲ್ಲ, ಪಂಕ್ತಿಯ ಹಿರಿಯರಲ್ಲ. ಹೆಗಲು ನೋಯಿಸಿಕೊಂಡವರು. ಲೀಟರಿನ ಲೆಕ್ಕ ಹಾಕದಿದ್ದರೆ ಆ ಹೆಗಲುಗಳು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಕಲ್ಲಿನ ಬಾನೆಗಳೇ ಏಕೆ ಎಂದು ಹುಡುಗ ಕೇಳಿದ. ಮಣ್ಣಿನ ಪಾತ್ರೆ ಮೈಲಿಗೆಯಾದರೆ ಒಡೆದುಹಾಕಬೇಕೆಂಬ ನಿಯಮ ಯಾಜಕಕಾಂಡದಲ್ಲಿದೆ. ಕಲ್ಲಿನ ಪಾತ್ರೆಗೆ ಮೈಲಿಗೆ ತಟ್ಟುವುದಿಲ್ಲ ಎಂಬುದು ಯೆಹೂದ್ಯರ ನಂಬಿಕೆ. ನಜರೇತಿನ ಹತ್ತಿರದ ರೇನಾ ಎಂಬಲ್ಲಿ ಆ ಕಾಲದ ಕಲ್ಲುಪಾತ್ರೆಗಳನ್ನು ಕಡೆಯುತ್ತಿದ್ದ ಗುಹೆಯನ್ನು 2017ರಲ್ಲಿ ಅಗೆದು ತೆಗೆದಿದ್ದಾರೆ.

ಚಿಕ್ಕ ಅಳತೆ ಲೋಗ್. ಹಳೆಯ ಲೆಕ್ಕದಲ್ಲಿ 300 ಮಿಲಿಲೀಟರ್, ರೋಮನರ ಕಾಲದ ಲೆಕ್ಕದಲ್ಲಿ ಅರ್ಧ ಲೀಟರಿಗೆ ತುಸು ಮೇಲು. ಕುಷ್ಠದಿಂದ ಗುಣವಾದವನು ದೇವಾಲಯಕ್ಕೆ ಬಂದಾಗ ಕೊಡಬೇಕಾದ ಕಾಣಿಕೆಯ ಪಟ್ಟಿಯಲ್ಲಿ ಇದು ಬರುತ್ತದೆ (ಯಾಜಕಕಾಂಡ 14). ಸ್ಥಿತಿವಂತನಾದರೆ ಮೂರು ಕುರಿಗಳು, ಏಫಾದ ಹತ್ತರಲ್ಲಿ ಮೂರು ಪಾಲು ಹಿಟ್ಟು, ಒಂದು ಲೋಗ್ ಎಣ್ಣೆ. ಬಡವನಾದರೆ ಒಂದೇ ಕುರಿ, ಜೊತೆಗೆ ಪಾರಿವಾಳದಂಥ ಎರಡು ಹಕ್ಕಿಗಳು, ಹಿಟ್ಟು ಹತ್ತರಲ್ಲಿ ಒಂದು ಪಾಲು. ಎಣ್ಣೆ ಮಾತ್ರ ಅದೇ ಒಂದು ಲೋಗ್. ಏಕೆ ಕಡಿಮೆಯಾಗಲಿಲ್ಲ? ಆ ಎಣ್ಣೆಯನ್ನು ಗುಣವಾದವನ ಕಿವಿಗೆ, ಹೆಬ್ಬೆರಳಿಗೆ, ಕಾಲಿನ ಹೆಬ್ಬೆರಳಿಗೆ ಹಚ್ಚಿ, ಉಳಿದದ್ದನ್ನು ತಲೆಗೆ ಹಚ್ಚುತ್ತಿದ್ದರು. ಬಡವನಿಗೂ ಎರಡೇ ಕಿವಿ, ಸಾಹುಕಾರನಿಗೂ ಎರಡೇ. ಊರ ಹೊರಗಿದ್ದವನನ್ನು ಮರಳಿ ಊರೊಳಗೆ ಕರೆಯುವ ಎಣ್ಣೆಯಲ್ಲಿ ರಿಯಾಯಿತಿಯೂ ಇಲ್ಲ, ಕಡಿತವೂ ಇಲ್ಲ. ಸ್ನಾನದೀಕ್ಷೆಯಲ್ಲಿ ನಿಮ್ಮ ಮಗುವಿನ ನೆತ್ತಿಗೆ ಹಚ್ಚುವ ಪವಿತ್ರ ತೈಲವೂ ಎಲ್ಲರಿಗೂ ಒಂದೇ ಅಳತೆ. ಫೋಟೋದವರು ಮಾತ್ರ ಕೆಲವರಿಗೆ ಇಬ್ಬರು, ಕೆಲವರಿಗೆ ಒಬ್ಬರೂ ಇಲ್ಲ.

ಕೆಲವು ಕಡೆ ಲೀಟರೇ ಬೇಡ. ಪ್ರವಾದಿ ಯೆಶಾಯ (5:10) ಒಂದು ಹೋಮೆರ್ ಬೀಜ ಬಿತ್ತಿದರೆ ಒಂದು ಏಫಾ ಬೆಳೆ ಬಂದೀತು ಎಂದು ಎಚ್ಚರಿಸುತ್ತಾನೆ. ಹೋಮೆರ್ ಎಂದರೆ ಹತ್ತು ಏಫಾ. ಹತ್ತು ಕೊಳಗ ಬಿತ್ತಿ ಒಂದು ಕೊಳಗ ಕೊಯ್ದಂತೆ. ಅಘನಾಶಿನಿಯ ದಡದ ಗಜನಿ ಗದ್ದೆಗಳಲ್ಲಿ ಕಗ್ಗ ಬಿತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಗ್ಗ ಉಪ್ಪುನೀರನ್ನು ತಡೆಯುವ ಭತ್ತ. ಆದರೂ ಕಟ್ಟೆ ಒಡೆದು ಹೊಳೆಯ ನೀರು ವಾರಗಟ್ಟಲೆ ನಿಂತ ವರ್ಷ ಅದೂ ಸೋಲುತ್ತದೆ. ಪ್ರವಾದಿ ಈ ಮಾತನ್ನು ಹೇಳುವುದು ಬರಗಾಲಕ್ಕಾಗಿ ಅಲ್ಲ. ಮನೆಗೆ ಮನೆ ಸೇರಿಸಿ, ಹೊಲಕ್ಕೆ ಹೊಲ ಕೂಡಿಸಿ, ಬೇರೆಯವರಿಗೆ ಕಾಲಿಡಲು ಜಾಗವಿಲ್ಲದಂತೆ ಮಾಡಿದವರಿಗೆ.

ಇಲ್ಲಿಂದ ಮಾತು ಗೇಣಿಯ ಕಾಲಕ್ಕೆ ತಿರುಗಿತು. ಅಜ್ಜಿಯ ಮಾವನವರು ಒಕ್ಕಲು. ಒಡೆಯರ ಮನೆಯಲ್ಲಿ ಎರಡು ಕೊಳಗಗಳಿದ್ದವಂತೆ. ಗೇಣಿ ಭತ್ತ ಅಳೆದುಕೊಳ್ಳುವಾಗ ಬರುವುದು ಒಂದು, ಮಳೆಗಾಲದಲ್ಲಿ ಒಕ್ಕಲುಗಳಿಗೆ ಸಾಲದ ಭತ್ತ ಅಳೆದುಕೊಡುವಾಗ ಬರುವುದು ಇನ್ನೊಂದು. ನೋಡಲು ಹೆಚ್ಚು ಕಡಿಮೆ ಒಂದೇ ತರಹ. "ಮಾವನಿಗೆ ಗೊತ್ತಿತ್ತು. ಒಡೆಯರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ." ಉತ್ತರ ಕನ್ನಡದಲ್ಲಿ ದಿನಕರ ದೇಸಾಯಿಯವರು ರೈತರನ್ನು ಸಂಘಟಿಸಿದ್ದು, ಮುಂದೆ 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾದದ್ದು ನಿಮಗೆಲ್ಲ ತಿಳಿದದ್ದೇ.

ನಾನು ಧರ್ಮೋಪದೇಶಕಾಂಡದ 25ನೆಯ ಅಧ್ಯಾಯವನ್ನು ತೆಗೆದು ಹುಡುಗನ ಕೈಗೆ ಕೊಟ್ಟೆ. ಮನೆಯಲ್ಲಿ ದೊಡ್ಡದೊಂದು ಚಿಕ್ಕದೊಂದು ಎರಡು ಏಫಾ ಇಟ್ಟುಕೊಳ್ಳಬಾರದು ಎಂಬ ಆಜ್ಞೆ ಅಲ್ಲಿದೆ. ಎರಡರಿಂದ ಅಳೆಯಬಾರದು ಎಂದಷ್ಟೇ ಅಲ್ಲ, ಮನೆಯಲ್ಲಿ ಇಟ್ಟುಕೊಳ್ಳಲೇಬಾರದು. ಯಾಜಕಕಾಂಡದ 19ನೆಯ ಅಧ್ಯಾಯ ಸರಿಯಾದ ಏಫಾ, ಸರಿಯಾದ ಹಿನ್ ಬಳಸಿರಿ ಎಂದು ಹೇಳಿದ ಕೂಡಲೇ ಈಜಿಪ್ಟಿನಿಂದ ಬಿಡಿಸಿ ತಂದ ದೇವರು ನಾನೇ ಎಂದು ನೆನಪಿಸುತ್ತದೆ. ಗುಲಾಮಗಿರಿಯಿಂದ ಬಿಡಿಸಿದ ದೇವರಿಗೂ ಅಂಗಡಿಯ ಅಳತೆಯ ಪಾತ್ರೆಗೂ ಏನು ನಂಟು? ಅಜ್ಜಿ ಓದು ಬಾರದವರು. "ಸಣ್ಣ ಕೊಳಗದಲ್ಲಿ ತಂದು ದೊಡ್ಡ ಕೊಳಗದಲ್ಲಿ ಕೊಟ್ಟವರು ಗುಲಾಮರಲ್ಲದೆ ಮತ್ತೇನು?" ಎಂದರು. ಪ್ರವಾದಿ ಆಮೋಸನೂ ಇದನ್ನೇ ಕಂಡಿದ್ದ: ಏಫಾವನ್ನು ಕಿರಿದು ಮಾಡಿ, ಹಬ್ಬದ ದಿನ ಬೇಗ ಮುಗಿದು ಅಂಗಡಿ ತೆರೆಯಲಿ ಎಂದು ಕಾಯುವವರನ್ನು.

ಇಂದು ಅಳತೆಯ ಪಾತ್ರೆಗೆ ಸರ್ಕಾರದ ಮುದ್ರೆ ಇದೆ. 2009ರ ಕಾಯಿದೆ ಇದೆ, ತಪಾಸಣೆಗೆ ಬರುವ ಇಲಾಖೆ ಇದೆ. ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದರೆ ಐದು ಲೀಟರಿನ ಮುದ್ರೆಯ ಪಾತ್ರೆಯಲ್ಲಿ ಅಳೆದು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿರಿ. ಆದರೆ ಮುದ್ರೆ ಬೀಳದ ಅಳತೆಗಳು ಮನೆಯೊಳಗೆ ಎಷ್ಟಿವೆ? ತನ್ನ ತಾಯಿಗೆ ಜ್ವರ ಬಂದರೆ ಹೊನ್ನಾವರದ ಆಸ್ಪತ್ರೆ, ಅತ್ತೆಗೆ ಬಂದರೆ ಕಷಾಯ. ಮಗ ಓದಲು ಮಂಗಳೂರಿಗೆ ಹೋಗಲು ಸಾಲ ಮಾಡುವ ಮನೆಯಲ್ಲಿ ಮಗಳು ಪಿಯುಸಿಗೇ ನಿಂತಳು. ಮಾಲ್‌ನಲ್ಲಿ ಬರೆದ ದರವನ್ನು ಮರುಮಾತಿಲ್ಲದೆ ಕೊಟ್ಟು ಬಂದವರು, ಹೊಳೆಯಲ್ಲಿ ಸೊಂಟದವರೆಗೆ ನಿಂತು ಬೆಳಚು ಹೆಕ್ಕಿ ತಂದ ಹೆಂಗಸಿನ ಹತ್ತಿರ, "ಇನ್ನೊಂದು ಹಿಡಿ ಹಾಕು, ಇಷ್ಟಕ್ಕೆ ಅಷ್ಟು ದುಡ್ಡೆ?" ಎನ್ನುತ್ತಾರೆ. ಒಂದು ಹಿಡಿಯಿಂದ ಯಾರೂ ಬಡವರಾಗುವುದಿಲ್ಲ ಎನ್ನಬೇಡಿ. ದಿನಕ್ಕೆ ಮೂವತ್ತು ಮನೆಯವರು ಒಂದೊಂದು ಹಿಡಿ ಹೆಚ್ಚು ಕೇಳಿದರೆ ಅವಳ ಬುಟ್ಟಿಯಲ್ಲಿ ಉಳಿಯುವುದೇನು, ಲೆಕ್ಕ ಹಾಕಿರಿ. ಆ ಸಾಲಿನಲ್ಲಿ ಗುರುಗಳ ಮನೆಯ ಅಡುಗೆಯವರೂ ಇದ್ದಾರೆ ಎಂದು ಒಮ್ಮೆ ಯಾರೋ ನನಗೆ ಹೇಳಿದರು. ಮರುದಿನದಿಂದ ನಾನು ಕೇಳಿದ ಬೆಲೆ ಕೊಡಿಸುತ್ತಿದ್ದೇನೆ. ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಇಷ್ಟು ವರ್ಷ ಎರಡನೆಯ ಏಫಾ ನನ್ನ ಅಡುಗೆಮನೆಯಲ್ಲೇ ಇತ್ತು.

ಹೊತ್ತಾಗಿತ್ತು, ಮಳೆ ಹಿಡಿದಿತ್ತು. ನಾನು ಕೊಡೆ ಬಿಚ್ಚುವಷ್ಟರಲ್ಲಿ ನೆರೆಮನೆಯ ಹೆಂಗಸು ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಬಂದು ಒಂದು ಸಿದ್ದೆ ಅಕ್ಕಿ ಕಡ ಕೇಳಿದಳು. ಅವಳು ಹಿಂದೂ, ಇವರು ಕ್ರೈಸ್ತರು. ಆ ಎರಡು ಮನೆಗಳ ನಡುವೆ ಅಕ್ಕಿ, ಬೆಲ್ಲ, ತೆಂಗಿನಕಾಯಿಗಳ ಇಂಥ ಓಡಾಟ ಮೂರು ತಲೆಮಾರಿನದಂತೆ. ಅಜ್ಜಿ ಸಿದ್ದೆಯೊಳಗಿನ ನೀರು ಚೆಲ್ಲಿ, ಸೆರಗಿನಿಂದ ಒರೆಸಿ, ಅಕ್ಕಿ ತುಂಬಿದರು. ಒಮ್ಮೆ ನೆಲಕ್ಕೆ ಕುಟ್ಟಿದರು, ಅಕ್ಕಿ ಕುಸಿಯಿತು. ಮತ್ತೆ ಸುರಿದು, ಅಂಗೈಯಿಂದ ಅದುಮಿ, ಅಲುಗಾಡಿಸಿ, ಇನ್ನೂ ಸುರಿದರು. ಮೇಲೆ ಗೋಪುರದಂತೆ ನಿಂತಿತು. ನಾಲ್ಕು ಕಾಳು ಅಂಚಿನಿಂದ ಜಾರಿ ಅವಳ ಸೆರಗಿಗೆ ಬಿದ್ದವು. ಸಂತ ಲೂಕರ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಪ್ರಭು ಹೇಳುವ ಅಳತೆ ನನ್ನ ಕಣ್ಣ ಮುಂದೆಯೇ ನಡೆಯುತ್ತಿತ್ತು. ನೀರನ್ನೂ ಎಣ್ಣೆಯನ್ನೂ ಹಾಗೆ ಗೋಪುರ ಕಟ್ಟಲು ಬರುವುದಿಲ್ಲ. ಧಾನ್ಯಕ್ಕೆ ಮಾತ್ರ ಸಾಧ್ಯ.

ಹುಡುಗ ಬಾಟಲಿ ಹಿಡಿದುಕೊಂಡೇ ನಿಂತಿದ್ದ. "ಅಜ್ಜಿ, ಈಗ ಅದು ಎಷ್ಟು ಲೀಟರ್ ಆಯಿತು?" ಎಂದ.

"ಅವಳು ವಾಪಸು ತಂದಾಗ ನೋಡು" ಎಂದರು ಅಜ್ಜಿ. "ಇದಕ್ಕಿಂತ ಒಂದು ಹಿಡಿ ಹೆಚ್ಚೇ ತರುತ್ತಾಳೆ."